ಮೂರು ಪಾಯಿಂಟ್ ಮೂರರ ತೂತು

ಸರಬರಾಜು ವಿಭಾಗದ ಗುಮಾಸ್ತರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಅದು ಸಂಬಳದ ಪಟ್ಟಿಯಲ್ಲಿ ಮಾತ್ರ ಜೀವ ಹಿಡಿದುಕೊಂಡಿತ್ತು. ಮಿಕ್ಕೆಲ್ಲ ಕಡೆ ಅವರು 'ಇನ್ನೊಂದಿರ್ಲಿ'.

ಹೆಸರು ಸುಮ್ಮನೆ ಬಂದದ್ದಲ್ಲ, ಇಪ್ಪತ್ತೆರಡು ವರ್ಷದ ದುಡಿಮೆಯ ಫಲ. ಕಚೇರಿಗೆ ಹತ್ತು ರಿಜಿಸ್ಟರ್ ಬೇಕಿದ್ದರೆ ಗುಮಾಸ್ತರು ಇಪ್ಪತ್ತು ಎಂದು ಬರೆಯುತ್ತಿದ್ದರು. ಅದು ಸೂಪರಿಂಟೆಂಡೆಂಟರ ಮೇಜಿಗೆ ಹೋಗುತ್ತಿತ್ತು. ಅವರು ಹಸಿರು ಪೆನ್ನು ತೆಗೆದು, ಕಾರಣ ಕೇಳದೆ, ಅರ್ಧ ಹೊಡೆದುಹಾಕುತ್ತಿದ್ದರು. ಹತ್ತು ಬರುತ್ತಿತ್ತು. ಕೇಳಿದವರಿಗೆ ಕೇಳಿದ ತೃಪ್ತಿ, ಕತ್ತರಿಸಿದವರಿಗೆ ಕತ್ತರಿಸಿದ ತೃಪ್ತಿ. ಇಷ್ಟು ಸುಸೂತ್ರವಾಗಿ ನಡೆಯುವ ಕಚೇರಿ ಬೇರೊಂದಿರಲಿಲ್ಲ.

ತೊಂದರೆ ಏನೆಂದರೆ, ಈ ಅಭ್ಯಾಸ ಸಂಜೆ ಐದೂವರೆಗೆ ಕಚೇರಿಯಲ್ಲಿ ಉಳಿಯದೆ ಗುಮಾಸ್ತರ ಜೊತೆ ಮನೆಗೂ ಬರುತ್ತಿತ್ತು. ಎರಡು ನಿಂಬೆಹಣ್ಣು ತನ್ನಿ ಎಂದರೆ ನಾಲ್ಕು ಬರುತ್ತಿದ್ದವು. ಅವರ ಹೆಂಡತಿ ಜಾಣೆ. ಮದುವೆಯಾದ ಎರಡನೇ ವರ್ಷದಿಂದಲೇ ಎರಡು ಬೇಕಿದ್ದಾಗ ಒಂದು ಎಂದು ಹೇಳುವುದನ್ನು ಕಲಿತಿದ್ದಳು. ಹೀಗಾಗಿ ಸಂಸಾರವೂ ಸುಸೂತ್ರವಾಗಿತ್ತು, ಆ ಗುರುವಾರದ ತನಕ.

ಗುರುವಾರ ಸಂಜೆ ಮೇಲಿನ ಮನೆಯ ಸೂಪರಿಂಟೆಂಡೆಂಟರು ಪತ್ರಿಕೆ ಕೇಳಿಕೊಂಡು ಕೆಳಗೆ ಬಂದರು. ಇಬ್ಬರದೂ ಒಂದೇ ವಸತಿಗೃಹ, ಒಂದೇ ಮೆಟ್ಟಿಲು. ಪತ್ರಿಕೆ ಹುಡುಕುವಾಗ ಅವರ ಕಣ್ಣು ಮೂಲೆಯಲ್ಲಿದ್ದ ಅಲ್ಯೂಮಿನಿಯಂ ಪೆಟ್ಟಿಗೆಯ ಮೇಲೆ ಬಿತ್ತು.

"ಒಳ್ಳೇ ಪೆಟ್ಟಿಗೆ ಕಣ್ರೀ," ಎಂದರು.

ಅಷ್ಟು ಸಾಕಾಯಿತು. "ನಮ್ಮ ಮಾವ ಕೈಯಾರೆ ಮಾಡಿದ್ದು ಸಾರ್. ತಗಡಿನ ಕಾರ್ಖಾನೇಲಿ ನಲವತ್ತು ವರ್ಷ ಫೋರ್‌ಮನ್ ಆಗಿದ್ದೋರು. ಮಗಳ ಮದುವೆಗೆ ಕೊಟ್ರು. ನಾನು ಮೇಲೆ ಕೂತ್ಕೋತೀನಿ, ನೀವು ಈ ತುದಿಯ ಹಿಡಿ ಹಿಡಿದು ಎತ್ತಿ ನೋಡಿ, ಏನೂ ಆಗಲ್ಲ," ಎಂದರು ಗುಮಾಸ್ತರು.

ಸೂಪರಿಂಟೆಂಡೆಂಟರು ಎತ್ತಿದರು. ಗುಮಾಸ್ತರ ತೂಕ ಮದುವೆಯ ಕಾಲದಷ್ಟೇ ಉಳಿಯುವುದಿಲ್ಲ ಎನ್ನುವುದು ಪೆಟ್ಟಿಗೆ ಮಾಡುವಾಗ ಮಾವನವರಿಗೆ ಗೊತ್ತಿರಲಿಲ್ಲ. ಹಿಡಿಯನ್ನು ತಗಡಿಗೆ ಕಚ್ಚಿಸಿದ್ದ ಎರಡು ರಿವೆಟ್ ಟಪ್, ಟಪ್ ಎಂದು ಕಿತ್ತವು. ಸೂಪರಿಂಟೆಂಡೆಂಟರು ಹಿಡಿಯನ್ನು ಎದೆಗವಚಿಕೊಂಡು ನೆಲದ ಮೇಲೆ ಕೂತರು. ಅದೇ ಹೊತ್ತಿಗೆ ಫೋನು ಬಡಿದುಕೊಂಡಿತು. ಮಾವನವರದೇ. ಗುಮಾಸ್ತರು ಅದನ್ನು ಎತ್ತಿದ ಕ್ಷಣವೇ ಸೂಪರಿಂಟೆಂಡೆಂಟರ ಕೈಯಿಂದ ಹಿಡಿ ಜಾರಿ ನೆಲಕ್ಕೆ ಬಿದ್ದು ಠಣ್ ಎಂದಿತು.

"ಏನದು ಸದ್ದು?" ಎಂದರು ಮಾವ. ನಲವತ್ತು ವರ್ಷ ತಗಡಿನ ನಡುವೆ ಬದುಕಿದ ಕಿವಿ.

ನಿಜ ಹೇಳಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಗುಮಾಸ್ತರ ಬಾಯಿಂದ ಬಂದದ್ದೇ ಬೇರೆ. "ಏನಿಲ್ಲ ಮಾವ, ಪೆಟ್ಟಿಗೆ ಹಿಡಿ ಸ್ವಲ್ಪ ಸಡಿಲ ಆಗಿತ್ತು. ನಾನೇ ಹೊಸ ರಿವೆಟ್ ಹೊಡೀತಾ ಇದೀನಿ."

ಆ ಕಡೆಯಿಂದ, "ನೀವಾ?" ಎಂಬ ಪ್ರಶ್ನೆ ಬಂತು.

ಈ 'ನೀವಾ' ಗುಮಾಸ್ತರಿಗೆ ಚುಚ್ಚಿತು. ಹದಿನೆಂಟು ವರ್ಷದಲ್ಲಿ ಮಾವ ಅವರನ್ನು ಕೇಳಿದ್ದು ಎರಡೇ ಮಾತು. ಒಂದು, ಊಟ ಆಯ್ತಾ. ಇನ್ನೊಂದು, ಪೆನ್ನಿದೆಯಾ. ಈ ಅಳಿಯನ ಕೈಯಿಂದ ಪೆನ್ನು ಬಿಟ್ಟರೆ ಬೇರೇನೂ ಸಿಗುವುದಿಲ್ಲ ಎಂದು ಮಾವ ತೀರ್ಮಾನಿಸಿಬಿಟ್ಟಿದ್ದರು. ದೊಡ್ಡ ಅಳಿಯನ ವಿಷಯ ಹಾಗಲ್ಲ. ಅವರು ಹಲ್ಲಿನ ಡಾಕ್ಟರು. ದಿನಾ ಡ್ರಿಲ್ ಹಿಡಿಯುವ ಕೈ ಎಂದು ಮಾವನಿಗೆ ಬಲು ಅಭಿಮಾನ. ತೂತು ಸ್ವಲ್ಪ ದೊಡ್ಡದಾದರೂ ರೋಗಿ ಬಾಯಿ ತೆರೆದುಕೊಂಡೇ ಇರುವುದರಿಂದ ತಕರಾರು ಹೇಳಲಾರ ಎಂಬುದು ಗುಮಾಸ್ತರ ಖಾಸಗಿ ಅಭಿಪ್ರಾಯವಾಗಿತ್ತು.

"ಒಳ್ಳೇದಾಯ್ತು," ಎಂದರು ಮಾವ. "ನನ್ನ ರಿವೆಟ್ ಗನ್ನು ಇಲ್ಲಿ ಸುಮ್ನೆ ಬಿದ್ದಿದೆ. ನನ್ನ ಕೈಗೆ ಈಗ ಹಿಡಿತ ಇಲ್ಲ. ಇಬ್ಬರು ಅಳಿಯಂದಿರಲ್ಲಿ ದೊಡ್ಡೋರಿಗೇ ಕೊಡೋಣ ಅಂತಿದ್ದೆ. ಭಾನುವಾರ ಬಂದು ನಿಮ್ಮ ಕೆಲಸ ನೋಡ್ತೀನಿ, ಆಮೇಲೆ ಯೋಚನೆ ಮಾಡ್ತೀನಿ. ಬರ್ಕೊಳ್ಳಿ. ತೂತಲ್ಲಿ ಉಳಿದಿರೋ ಹಳೇ ರಿವೆಟ್ಟನ್ನ ಡ್ರಿಲ್ಲಿಗೆ ಮೂರು ಪಾಯಿಂಟ್ ಮೂರು ಎಂ.ಎಂ. ಬಿಟ್ ಹಾಕಿ ಕೊರೆದು ಬಿಡಿಸಿ. ಅದೇ ತೂತಿಗೆ ಮೂರು ಪಾಯಿಂಟ್ ಎರಡರ ರಿವೆಟ್. ಬಿಟ್ಟು ರಿವೆಟ್‌ಗಿಂತ ಒಂದು ಕೂದಲೆಳೆ ದೊಡ್ಡದು, ಅಷ್ಟೇ. ಪೆನ್ನಿದೆ ತಾನೆ?"

ಗುಮಾಸ್ತರು ಬರೆದುಕೊಂಡರು. ಫೋನಿಟ್ಟು ಚೀಟಿ ನೋಡಿದರೆ ಅದರಲ್ಲಿ 'ಬಿಟ್: ನಾಲ್ಕು' ಎಂದಿತ್ತು. ಇಪ್ಪತ್ತೆರಡು ವರ್ಷದ ಕೈ. ಅದು ಅವರನ್ನು ಕೇಳಿ ಬರೆಯುವ ಕೈಯಾಗಿರಲಿಲ್ಲ.

"ಅಪ್ಪನಿಗೆ ಫೋನ್ ಮಾಡಿ ನಿಜ ಹೇಳ್ಬಿಡಿ," ಎಂದಳು ಹೆಂಡತಿ.

"ಏನು ನಿಜ? ಎರಡು ತೂತು, ಎರಡು ರಿವೆಟ್. ಇದೇನು ಸೇತುವೆ ಕಟ್ಟೋ ಕೆಲಸಾನಾ?" ಎಂದರು ಗುಮಾಸ್ತರು. ಆ ಗನ್ನು ಅವರಿಗೆ ಬೇಕಿತ್ತು. ಗನ್ನಿನ ಆಸೆಗಲ್ಲ, ಅದರಿಂದ ಏನು ಮಾಡಬೇಕೆಂಬುದೂ ಅವರಿಗೆ ತಿಳಿಯದು. ಮಾವ ಒಂದು ಸಲ ತಮ್ಮ ಕೈ ನೋಡಿ ಭೇಷ್ ಅನ್ನಬೇಕು, ಅಷ್ಟೇ ಬೇಕಿತ್ತು.

ಶುಕ್ರವಾರ ಅರ್ಧ ದಿನ ರಜೆ ಹಾಕಿ ಹಾರ್ಡ್‌ವೇರ್ ಅಂಗಡಿಗೆ ಹೋದರು. ಹಿಡಿ ಕಿತ್ತ ಪಾಪಪ್ರಜ್ಞೆಯಿಂದ ಸೂಪರಿಂಟೆಂಡೆಂಟರೂ ಜೊತೆಗೆ ಬಂದರು. ಅವರ ಹತ್ತಿರ ಒಂದು ಡ್ರಿಲ್ ಮಷೀನ್ ಇತ್ತು. ಆರು ವರ್ಷದಿಂದ ಡಬ್ಬಿಯಲ್ಲೇ ಇತ್ತು. ಅದನ್ನು ತೆರೆಯುವ ಅಗತ್ಯವನ್ನು ಯಾರೂ ಲಿಖಿತವಾಗಿ ಸಲ್ಲಿಸಿರಲಿಲ್ಲ.

ಅಂಗಡಿಯವನು ಸಣ್ಣಗೆ, ಮೊಳೆಯಂತೆಯೇ ಇದ್ದ. ರಿವೆಟ್ ಒಂದನ್ನು ತೆಗೆದು ತೋರಿಸಿದ. ಟೊಳ್ಳಾದ ಒಂದು ಪುಟ್ಟ ಗುಂಡಿ, ಅದರೊಳಗಿಂದ ಹೊರಟ ಉದ್ದನೆಯ ಕಡ್ಡಿ. "ತೂತಿಗೆ ಗುಂಡಿ ತೂರಿಸಿ. ಕಡ್ಡೀನ ಗನ್ನಿನ ಮೂತಿಗೆ ಕೊಟ್ಟು ಹಿಡಿ ಅದುಮಿ. ಒಳಗಡೆ ಗುಂಡಿ ಉಬ್ಬಿ ತಗಡನ್ನ ಕಚ್ಚುತ್ತೆ, ಕಡ್ಡಿ ಟಕ್ ಅಂತ ಮುರಿದು ಹೊರಗೆ ಬರುತ್ತೆ. ಮೂರು ಪಾಯಿಂಟ್ ಎರಡಕ್ಕೆ ಬಿಟ್ಟು ಮೂರು ಪಾಯಿಂಟ್ ಮೂರು."

ಗುಮಾಸ್ತರು ದನಿ ತಗ್ಗಿಸಿದರು. "ಮೂರು ಪಾಯಿಂಟ್ ಮೂರು ಕೇಳಿದ್ರೆ ಎಷ್ಟು ಕೊಡ್ತೀರಿ?"

"ಮೂರು ಪಾಯಿಂಟ್ ಮೂರೇ ಕೊಡ್ತೀನಿ."

"ಏನೂ ಕಡಿಮೆ ಮಾಡಲ್ವಾ?"

"ಬಿಟ್ಟನ್ನ ಹೇಗೆ ಸ್ವಾಮಿ ಕಡಿಮೆ ಮಾಡೋದು?"

ಕೇಳಿದಷ್ಟೇ ಕೊಡುವ ವ್ಯವಸ್ಥೆಯನ್ನು ಗುಮಾಸ್ತರು ಎಂದೂ ಕಂಡಿರಲಿಲ್ಲ. ಇದರಲ್ಲಿ ಏನೋ ಇದೆ ಎನಿಸಿತು. "ಯಾವುದಕ್ಕೂ ನಾಲ್ಕು ಇರ್ಲಿ," ಎಂದರು.

ಅಂಗಡಿಯವನು ಪೆಟ್ಟಿಗೆಯ ತಗಡು ಮತ್ತು ಹಿಡಿಯ ತಗಡು ಸೇರಿ ಎಷ್ಟು ದಪ್ಪ ಎಂದು ಕೇಳಿ, "ಹಾಗಾದ್ರೆ ರಿವೆಟ್ಟಿನ ಉದ್ದ ಎಂಟು ಎಂ.ಎಂ. ಬೇಕು," ಎಂದ. ಎಂಟು ಎಂಬ ಅಂಕಿ ಕಿವಿಗೆ ಬಿದ್ದದ್ದೇ ಸೂಪರಿಂಟೆಂಡೆಂಟರ ಕೈ ತಾನಾಗಿ ಜೇಬಿಗೆ ಹೋಯಿತು. ಹಸಿರು ಪೆನ್ನು ಹೊರಬಂತು.

"ಎಂಟು ಯಾಕೆ? ಐದು ಸಾಕು."

"ಐದು ಆ ಕಡೆ ತಲುಪೋದೇ ಇಲ್ಲ ಸಾರ್. ಉಬ್ಬೋಕೆ ಜಾಗ ಬೇಕಲ್ಲ?"

"ಎಲ್ಲರೂ ಹೀಗೇ ಹೇಳ್ತಾರೆ," ಎಂದರು ಸೂಪರಿಂಟೆಂಡೆಂಟರು.

ಅಂಗಡಿಯವನು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದ. "ನೀವಿಬ್ರೂ ಒಂದೇ ಆಫೀಸಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಪೊಟ್ಟಣ ಕಟ್ಟಿದ.

ಹೀಗೆ ಅಗತ್ಯಕ್ಕಿಂತ ದಪ್ಪ ಬಿಟ್ಟೂ, ಅಗತ್ಯಕ್ಕಿಂತ ಗಿಡ್ಡ ರಿವೆಟ್ಟೂ ಒಂದೇ ಚೀಲದಲ್ಲಿ ಮನೆಗೆ ಬಂದವು. ಅಂಗಡಿಯಿಂದಲೇ ಕೊಂಡು ತಂದ ರಿವೆಟ್ ಗನ್ನಿನ ಜೊತೆ ನಾಲ್ಕು ಅಳತೆಯ ಮೂತಿಗಳಿದ್ದವು. ಗುಮಾಸ್ತರು ಎಲ್ಲಕ್ಕಿಂತ ದೊಡ್ಡದನ್ನು ಸಿಕ್ಕಿಸಿದರು. ಏಕೆಂದು ಹೇಳಬೇಕಾಗಿಲ್ಲ. ಡ್ರಿಲ್ ಗರ್ರೆಂದಿತು. ಮೊದಲ ರಿವೆಟ್ ಕೂತಿತು. ಕಡ್ಡಿ ದೊಡ್ಡ ಮೂತಿಯಲ್ಲಿ ಜಾರಿ ಜಾರಿ ಏಳನೇ ಸಲಕ್ಕೆ ಟಕ್ ಎಂದಿತು. ಎರಡನೆಯದೂ ಕೂತಿತು. ಗುಮಾಸ್ತರು ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, ಹೆಂಡತಿಯನ್ನು ಕರೆದು, ಹಿಡಿ ಎತ್ತಿದರು. ಹಿಡಿ ಎರಡೂ ರಿವೆಟ್ ಸಮೇತ ಕೈಗೆ ಬಂತು. ಪೆಟ್ಟಿಗೆ ಇದ್ದಲ್ಲೇ ಇತ್ತು.

ಹೆಂಡತಿ ಒಂದು ಖಾಲಿ ಬಟ್ಟಲು ತಂದು ಕಿಟಕಿಯಲ್ಲಿಟ್ಟು, ಆ ಎರಡು ರಿವೆಟ್ ಅದರೊಳಗೆ ಹಾಕಿದಳು.

ಮತ್ತೆ ಅಂಗಡಿ. "ನಾಲ್ಕರ ತೂತಾಯ್ತಾ? ಹೋಗ್ಲಿ, ಅದಕ್ಕೆ ನಾಲ್ಕರ ರಿವೆಟ್ಟೇ ಹಾಕಿ. ಆದ್ರೆ ಇನ್ನು ಬಿಟ್ ಮುಟ್ಬೇಡಿ," ಎಂದ ಅಂಗಡಿಯವನು.

"ಬಿಟ್ಟು ರಿವೆಟ್‌ಗಿಂತ ದೊಡ್ಡದಿರಬೇಕು ಅಂತ ನೀವೇ ಅಂದ್ರಲ್ಲ? ನಮ್ಮ ಮಾವನೂ ಅಂದ್ರು. ನಾಲ್ಕರ ರಿವೆಟ್ಟಿಗೆ ನಾಲ್ಕರ ತೂತಾದ್ರೆ ನಿಯಮ ಎಲ್ಲಿ ಉಳೀತು?" ಎಂದು ಗುಮಾಸ್ತರು ಐದರ ಬಿಟ್ ಕೊಂಡರು. ಪಕ್ಕದಲ್ಲಿ ಸೂಪರಿಂಟೆಂಡೆಂಟರು ಉದ್ದದಿಂದ ಮೂರು ಎಂ.ಎಂ. ಹೊಡೆದುಹಾಕಿದರು.

ಆಮೇಲೆ ನಡೆದದ್ದನ್ನು ಚುಟುಕಾಗಿ ಹೇಳುವುದೇ ಮರ್ಯಾದೆ. ನಾಲ್ಕರ ರಿವೆಟ್ಟಿಗೆ ಐದರ ತೂತು. ಕಿತ್ತು ಬಂತು. ಐದರ ತೂತಿಗೆ ನಾಲ್ಕು ಪಾಯಿಂಟ್ ಎಂಟರ ರಿವೆಟ್ ಸರಿಹೋಗುತ್ತಿತ್ತು, ಆದರೆ ನಿಯಮ ಬಿಡಲಿಲ್ಲ, ಆರರ ತೂತಾಯಿತು. ಕಿತ್ತು ಬಂತು. ಶುಕ್ರವಾರ ಸಂಜೆಯೊಳಗೆ ಗುಮಾಸ್ತರು ಅಂಗಡಿಗೆ ಐದು ಸಲ ಹೋಗಿ ಬಂದಿದ್ದರು. ಐದನೇ ಸಲ ಅಂಗಡಿಯವನು ಕುರ್ಚಿ ಹಾಕಿಸಿದ್ದ. ಬೇರೆ ಗಿರಾಕಿಗಳು ಇವರನ್ನು ಕಂಡು, "ಎಷ್ಟಕ್ಕೆ ಬಂತು?" ಎಂದು ಜ್ವರದ ರೋಗಿಯನ್ನು ವಿಚಾರಿಸುವಂತೆ ವಿಚಾರಿಸತೊಡಗಿದ್ದರು. ಕಿಟಕಿಯ ಬಟ್ಟಲಲ್ಲಿ ಆರು ರಿವೆಟ್ ಆಗಿದ್ದವು.

ಶನಿವಾರ ಬೆಳಿಗ್ಗೆ ಆರು ಪಾಯಿಂಟ್ ನಾಲ್ಕರ ರಿವೆಟ್ ಬಂತು, ಅದಕ್ಕೆ ಎಂಟರ ತೂತು. ಈ ಗಾತ್ರದ ರಿವೆಟ್ ಒಂದು ಕೈಯ ಗನ್ನಿಗೆ ಬಗ್ಗುವುದಿಲ್ಲ. ಅಂಗಡಿಯವನು ಉದ್ದನೆಯ ಎರಡು ತೋಳುಗಳಿದ್ದ ದೊಡ್ಡ ಗನ್ನನ್ನು ಎರವಲು ಕೊಟ್ಟ. ಎರಡೂ ತೋಳನ್ನು ಒಬ್ಬನೇ ಹಿಡಿದು ಅದುಮಬೇಕು ಎಂದು ಹೇಳಿಯೂ ಹೇಳಿದ. ಆದರೆ ಹೊಣೆ ಹಂಚಿಕೊಂಡು ಅಭ್ಯಾಸವಾದವರು. ಒಂದು ತೋಳು ಗುಮಾಸ್ತರು ಹಿಡಿದರು, ಇನ್ನೊಂದು ಸೂಪರಿಂಟೆಂಡೆಂಟರು.

"ಅದುಮಿ," ಎಂದರು ಗುಮಾಸ್ತರು.

"ನೀವು ಮೊದಲು ಅದುಮಿ. ಕೆಳಗಿಂದ ಬಂದ ಮೇಲೆ ನಾನು ಅದುಮ್ತೀನಿ," ಎಂದರು ಸೂಪರಿಂಟೆಂಡೆಂಟರು.

ಕೊನೆಗೆ ಇಬ್ಬರೂ ಒಟ್ಟಿಗೆ ಅದುಮಿದರು. ಕಡ್ಡಿ ಮುರಿದ ರಭಸಕ್ಕೆ ಗುಮಾಸ್ತರು ಪೆಟ್ಟಿಗೆಗೂ ಗೋಡೆಗೂ ನಡುವೆ ಸಿಕ್ಕಿಕೊಂಡರು. ಸೂಪರಿಂಟೆಂಡೆಂಟರು ಒಗೆಯುವ ಬಟ್ಟೆಯ ಬಕೆಟ್ಟಿನಲ್ಲಿ ಕೂತರು. ಹಿಡಿಯ ತಗಡು ನಡುವೆಯೇ ಎರಡು ಹೋಳಾಯಿತು. ತೂತಿನ ಅಂಚು ನಾಯಿ ಕಚ್ಚಿದಂತೆ ಹರಿದುಹೋಯಿತು.

ಈಗ ಗುಮಾಸ್ತರಿಗೆ ನಿಜವಾಗಿಯೂ ಹೆದರಿಕೆಯಾಯಿತು. ಮಾವ ಬರಲು ಒಂದೇ ದಿನ. ಯಾರನ್ನಾದರೂ ಕೇಳಲೇಬೇಕು. ಡ್ರಿಲ್ ಬಲ್ಲ ನೆಂಟರೆಂದರೆ ದೊಡ್ಡ ಅಳಿಯ ಒಬ್ಬರೇ. ಆದರೆ ಪೆಟ್ಟಿಗೆ ಎಂದು ಬಾಯಿಬಿಟ್ಟರೆ ಮಾವನ ಕಿವಿಗೆ ಹೋಗುತ್ತದೆ. ಆದ್ದರಿಂದ ಪೆಟ್ಟಿಗೆಯ ಹೆಸರೆತ್ತದೆ ವಿಷಯ ಕೇಳುವುದೆಂದು ತೀರ್ಮಾನಿಸಿ ಫೋನ್ ಮಾಡಿದರು.

"ಭಾವ, ಪಕ್ಕಪಕ್ಕದಲ್ಲಿ ಎರಡು ತೂತು. ಅಂಚೆಲ್ಲ ಹಾಳಾಗಿದೆ. ಏನು ತುಂಬಿದ್ರೂ ನಿಲ್ತಾ ಇಲ್ಲ. ಏನು ಮಾಡೋದು?"

"ಅಯ್ಯೋ, ಯಾವಾಗಿಂದ?" ಎಂದರು ಹಲ್ಲಿನ ಡಾಕ್ಟರು.

"ಗುರುವಾರದಿಂದ."

"ಅಲುಗಾಡುತ್ತಾ?"

"ಪೂರ್ತಿ ಕಿತ್ತು ಕೈಗೇ ಬರುತ್ತೆ."

"ಅಷ್ಟಾಗೋವರೆಗೂ ಸುಮ್ನಿದ್ರಾ? ನೋಡಿ, ಹಾಳಾದ ಅಂಚನ್ನ ಇಟ್ಕೊಂಡು ಮೇಲೆ ತುಂಬಿದ್ರೆ ಯಾವತ್ತೂ ನಿಲ್ಲಲ್ಲ. ಎರಡನ್ನೂ ದುಂಡಗೆ, ಚೆನ್ನಾಗಿ ಅಗಲ ಮಾಡಿ ಶುದ್ಧ ಮಾಡ್ಬೇಕು. ನಡುವಿನ ಗೋಡೆ ಹೇಗಿದೆ?"

"ತೆಳ್ಳಗಿದೆ."

"ಅದು ಉಳಿಯಲ್ಲ, ತೆಗೀಲೇಬೇಕು. ಆಮೇಲೆ ತುಂಬೋಣ. ನೋವಿದೆಯಾ?"

"ಬಹಳ ಇದೆ ಭಾವ," ಎಂದರು ಗುಮಾಸ್ತರು, ಮನಸಾರೆ.

ವೈದ್ಯರ ಮಾತನ್ನು ಅಕ್ಷರಶಃ ಪಾಲಿಸಿದರು. ಬಾಗಿಲಿಗೆ ಬೀಗ ಕೂರಿಸಲು ಬಡಗಿಗಳು ಬಳಸುವ ದುಂಡನೆಯ ಕಟರ್ ತಂದು ಎರಡೂ ತೂತನ್ನು ಲೋಟದ ಬಾಯಷ್ಟು ಅಗಲ ಮಾಡಿದರು. ನಡುವಿನ ಗೋಡೆಯನ್ನು ತಗಡು ಕತ್ತರಿಯಿಂದ ತೆಗೆದರು. ಎರಡು ತೂತು ಸೇರಿ ಒಂದಾಯಿತು. ಒಳಗಿದ್ದ ಹಳದಿ ಹೊದಿಕೆ ಹೊರಗಿನ ಪ್ರಪಂಚವನ್ನು ಇಣುಕಿ ನೋಡಿತು.

ಸೂಪರಿಂಟೆಂಡೆಂಟರು ಗಂಟಲು ಸರಿಮಾಡಿಕೊಂಡರು. "ಇದಕ್ಕೆ ಎಷ್ಟರ ರಿವೆಟ್ ಬರುತ್ತೆ?"

"ಹೂಕೋಸಿನಷ್ಟು ದಪ್ಪದ್ದು," ಎಂದಳು ಹೆಂಡತಿ, ಒಳಗಿನಿಂದ.

ಗುಮಾಸ್ತರು ನೆಲದ ಮೇಲೆ ಕೂತು ಆ ತೂತನ್ನು ನೋಡಿದರು. ಮೂರು ಪಾಯಿಂಟ್ ಮೂರು. ಮಾವ ಫೋನಿನಲ್ಲಿ ಬಿಡಿಸಿ ಹೇಳಿದ್ದರು. ಒಂದು ಕೂದಲೆಳೆ ಎಂದಿದ್ದರು. ಆ ಕೂದಲೆಳೆಯನ್ನು ತಾವು ನಂಬಲಿಲ್ಲವಲ್ಲ ಎಂದು ಅವರಿಗೆ ಅಳು ಬರುವಂತಾಯಿತು.

ಭಾನುವಾರ ಹತ್ತು ಗಂಟೆಗೆ ಮಾವ ಬಂದರು. ಜೊತೆಗೆ ದೊಡ್ಡ ಅಳಿಯನೂ ಇದ್ದರು. ಮಾವನ ಹೆಗಲಲ್ಲಿ ಹತಾರದ ಚೀಲ, ಡಾಕ್ಟರ ಕೈಯಲ್ಲಿ ಕಪ್ಪು ಚೀಲ. ಪೆಟ್ಟಿಗೆಯ ತೂತಿನ ಮುಖ ಗೋಡೆಗೆ ಒತ್ತಿತ್ತು. ಮೇಲೆ ಸೂಪರಿಂಟೆಂಡೆಂಟರು ಪತ್ರಿಕೆ ಓದುತ್ತ ಕೂತಿದ್ದರು. ಪತ್ರಿಕೆ ತಲೆಕೆಳಗಾಗಿತ್ತು.

ಗುಮಾಸ್ತರು "ಬನ್ನಿ" ಎನ್ನುವ ಮೊದಲೇ ಡಾಕ್ಟರು ಅವರ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು. "ಬಾಯಿ ತೆಗೀರಿ. ಇನ್ನೂ ಅಗಲ." ಪುಟ್ಟ ಕನ್ನಡಿ ತೂರಿಸಿ ಆ ಮೂಲೆ ಈ ಮೂಲೆ ಹುಡುಕಿದರು. "ಎಲ್ಲಿ ಎರಡು ತೂತು? ಒಂದೂ ಇಲ್ವಲ್ಲ?"

ಬಾಯಲ್ಲಿ ಕನ್ನಡಿ ಇದ್ದವರು ಏನು ಹೇಳಬಲ್ಲರು? ಗುಮಾಸ್ತರು ಬೆರಳಿನಿಂದ ಪೆಟ್ಟಿಗೆ ತೋರಿಸಿದರು.

ಮಾವ ನಿಧಾನವಾಗಿ ಅತ್ತ ನಡೆದರು. "ಏಳ್ತೀರಾ?" ಎಂದು ಸೂಪರಿಂಟೆಂಡೆಂಟರಿಗೆ ಹೇಳಿದರು. ಅವರು ಪತ್ರಿಕೆ ಸಮೇತ ಎದ್ದರು. ಮಾವ ಪೆಟ್ಟಿಗೆಯನ್ನು ಬೆಳಕಿಗೆ ತಿರುಗಿಸಿ, ಮಂಡಿಯೂರಿ ಕೂತರು. ಕನ್ನಡಕ ಒರೆಸಿ ಹಾಕಿಕೊಂಡರು. ತೂತಿನೊಳಗೆ ನೋಡಿದರು. ಆಮೇಲೆ ಮುಚ್ಚಳ ತೆರೆದು, ಒಳಗಿನಿಂದ ಹೊರಗೆ ನೋಡಿದರು. ಅವರ ಒಂದು ಕಣ್ಣು ತೂತಿನಲ್ಲಿ ಕಂಡಾಗ ಗುಮಾಸ್ತರಿಗೆ ಓಡಿಹೋಗಬೇಕೆನಿಸಿತು.

"ಇದು ಎಷ್ಟರ ರಿವೆಟ್ಟಿಗೆ ಮಾಡಿದ್ದು?" ಎಂದು ಕೇಳಿದರು ಮಾವ.

"ಮೂರು ಪಾಯಿಂಟ್ ಎರಡು," ಎಂದರು ಗುಮಾಸ್ತರು. ಆಮೇಲೆ ತಡೆಯಲಾಗದೆ ಎಲ್ಲವನ್ನೂ ಹೇಳಿಬಿಟ್ಟರು. ಕೂತದ್ದು, ಕಿತ್ತದ್ದು, ಫೋನಿನಲ್ಲಿ ಕೊಚ್ಚಿಕೊಂಡದ್ದು, ನಾಲ್ಕು, ಐದು, ಆರು, ಎಂಟು, ಕಟರ್, ಕತ್ತರಿ. "ನಾನು ಹಾಳು ಮಾಡ್ಬಿಟ್ಟೆ ಮಾವ. ಗನ್ನು ಭಾವನಿಗೇ ಕೊಡಿ."

"ಅಪ್ಪಾ, ತಪ್ಪು ನಿಂದೂ ಇದೆ," ಎಂದಳು ಹೆಂಡತಿ. "ಇವರಿಗೆ ಮೂರು ಪಾಯಿಂಟ್ ಮೂರು ಬೇಕಿದ್ರೆ ಎರಡೂವರೆ ಅಂತ ಹೇಳ್ಬೇಕು. ಹದಿನೆಂಟು ವರ್ಷ ಆಯ್ತು, ನಿನಗಿನ್ನೂ ಗೊತ್ತಾಗಿಲ್ಲ."

ಮಾವ ಬಲಗೈಯ ನಾಲ್ಕು ಬೆರಳನ್ನು ತೂತಿಗೆ ತೂರಿಸಿದರು. ಸರಿಯಾಗಿ ಹಿಡಿಸಿತು. ಎತ್ತಿದರು. ಪೆಟ್ಟಿಗೆಯ ಆ ತುದಿ ಸಲೀಸಾಗಿ ಮೇಲೆ ಬಂತು. ಇಳಿಸಿದರು, ಮತ್ತೊಮ್ಮೆ ಎತ್ತಿದರು.

"ನಲವತ್ತು ವರ್ಷ ಪೆಟ್ಟಿಗೆಗೆ ಹಿಡಿ ಹಾಕಿದೀನಿ," ಎಂದರು. "ಹಾಕಿದ ಹಿಡಿ ಎಲ್ಲಾ ಒಂದಲ್ಲ ಒಂದಿನ ಕಿತ್ತಿವೆ. ಈ ಹಿಡಿ ಮಾತ್ರ ಯಾರಪ್ಪ ಬಂದ್ರೂ ಕೀಳೋಕಾಗಲ್ಲ." ಅವರ ಭುಜ ಕುಲುಕತೊಡಗಿತು. ಮಾವ ನಗುವುದನ್ನು ಗುಮಾಸ್ತರು ಅದೇ ಮೊದಲು ನೋಡಿದ್ದು. ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಅಂಚು ಮಾತ್ರ ಕೈ ಕೊಯ್ಯುತ್ತೆ. ಬನ್ನಿ ಇಲ್ಲಿ, ಕೂತ್ಕೊಳ್ಳಿ."

ತಮ್ಮ ಚೀಲದಿಂದ ಒಂದು ತಗಡಿನ ಪಟ್ಟಿ ತೆಗೆದರು. ಅದನ್ನು ತೂತಿನ ಅಂಚಿಗೆ ಸುತ್ತಲೂ ಮಡಚಿ ಕೂರಿಸಿದರು. ಆಮೇಲೆ ಹಳೆಯ ರಿವೆಟ್ ಗನ್ನು ಹೊರಗೆ ಬಂತು. ಅದರ ಹಿಡಿ ನಲವತ್ತು ವರ್ಷದ ಅಂಗೈಗೆ ಸವೆದು ಹೊಳೆಯುತ್ತಿತ್ತು. ಕೊನೆಗೆ ಒಂದು ಬಿಟ್ಟು. ಗುಮಾಸ್ತರು ಚೀಲದೊಳಗೆ ಕಣ್ಣಾಡಿಸಿದರು.

"ಬೇರೆ ತಂದಿಲ್ಲ," ಎಂದರು ಮಾವ. "ಮೂರು ಪಾಯಿಂಟ್ ಮೂರು ಒಂದೇ."

ಗುಮಾಸ್ತರು ಡ್ರಿಲ್ ಹಿಡಿದರು. ಮಾವ ಮೊಣಕೈ ಹಿಡಿದು ನೆಟ್ಟಗೆ ಮಾಡಿದರು. ತೂತಾಯಿತು. ರಿವೆಟ್ ಎಂಟು ಎಂ.ಎಂ. ಉದ್ದದ್ದು. ಸೂಪರಿಂಟೆಂಡೆಂಟರ ಕೈ ಜೇಬಿನ ಕಡೆ ಹೊರಟಿತು, ಮಾವ ಒಮ್ಮೆ ನೋಡಿದರು, ಕೈ ಹಿಂದಕ್ಕೆ ಹೋಯಿತು. ಗುಂಡಿ ತೂತಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಗುಮಾಸ್ತರು ಹಿಡಿ ಅದುಮಿದರು. ಒಂದೇ ಸಲಕ್ಕೆ, ಟಕ್.

ಎಳೆದು ನೋಡಿದರು. ಅಲುಗಲಿಲ್ಲ.

ಎಂಟು ರಿವೆಟ್ ಹೊಡೆದರು. ಎಂಟು ಸಲ ಟಕ್ ಎಂದಿತು. ಎಂಟನೆಯದಕ್ಕೆ ಮಾವ ಮೊಣಕೈ ಹಿಡಿದಿರಲಿಲ್ಲ. ಆಮೇಲೆ ಅವರು ಅಂಚಿನ ಸುತ್ತ ಬೆರಳಾಡಿಸಿ ನೋಡಿ, "ಭೇಷ್," ಎಂದರು. ಗುಮಾಸ್ತರು ಮುಖ ತಿರುಗಿಸಿ ಕಿಟಕಿಯ ಬಟ್ಟಲನ್ನು ನೋಡತೊಡಗಿದರು. ಡಾಕ್ಟರು ಪೆಟ್ಟಿಗೆ ಎತ್ತಿ ನೋಡಿ, ತಮಗೂ ಇಂಥದೊಂದು ಬೇಕು ಎಂದರು.

ಮಾವ ಗನ್ನನ್ನು ಗುಮಾಸ್ತರ ಅಂಗೈಯಲ್ಲಿ ಇಟ್ಟರು. ಅದರ ಮೇಲೆ ಆ ಒಂದು ಬಿಟ್ಟು ಇಟ್ಟರು. "ಇದು ನಿಮಗೆ. ಇದೂ ನಿಮಗೆ. ಆ ತುದಿಯ ಹಿಡೀನೂ ತೆಗೆದು ಇದೇ ಥರ ಮಾಡಿ. ಎಷ್ಟು ಬಿಟ್ಟು ಬೇಕು ಇದಕ್ಕೆಲ್ಲ?"

ಗುಮಾಸ್ತರ ಬಾಯಿ ತಾನಾಗಿ ತೆರೆಯಿತು. ಕೋಣೆಯಲ್ಲಿ ಎಲ್ಲರೂ ಅವರ ಕಡೆ ತಿರುಗಿದರು. ಇಪ್ಪತ್ತೆರಡು ವರ್ಷದ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಗುಮಾಸ್ತರು ಅದನ್ನು ನುಂಗಿದರು.

"ಒಂದು ಸಾಕು ಮಾವ," ಎಂದರು.

ಮಾವ ತಲೆದೂಗಿದರು. ಹೆಂಡತಿ ನಕ್ಕಳು. ಹಿಂದುಗಡೆ ಏನೋ ಬಿದ್ದ ಸದ್ದಾಯಿತು. ತಿರುಗಿ ನೋಡಿದರೆ ಸೂಪರಿಂಟೆಂಡೆಂಟರು ಮುಖ ಬಿಳಿಚಿಕೊಂಡು ನಿಂತಿದ್ದರು. ಹಸಿರು ಪೆನ್ನು ನೆಲದ ಮೇಲಿತ್ತು.

"ನೀವೇ ಸಾಕು ಅಂದ್ಬಿಟ್ರೆ," ಎಂದರು ಅವರು ಸಣ್ಣ ದನಿಯಲ್ಲಿ, "ನಾಳೆಯಿಂದ ನಾನು ಏನನ್ನ ಹೊಡೆದುಹಾಕ್ಲಿ?"